ವೇಗದ ರೈಲಿಗೆ ದಾರಿ ಬಿಟ್ಟು ನಿಂತವರ ಕಡೆಯಿಂದ

ನಮ್ಮ ರೈಲ್ವೆ ವಲಯದ ಮಾನ್ಯ ಜನರಲ್ ಮ್ಯಾನೇಜರ್ ಅವರಿಗೆ, ಹಾಗೂ ವೇಳಾಪಟ್ಟಿ ಬರೆಯುವ, ಹಳಿಯ ವೇಗ ಗೊತ್ತುಮಾಡುವ ಎಲ್ಲ ಅಧಿಕಾರಿಗಳಿಗೆ,

ನಮಸ್ಕಾರ.

ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಹದಿನಾಲ್ಕು ವರ್ಷದಿಂದ ಸೀಸನ್ ಪಾಸ್ ಇಟ್ಟುಕೊಂಡು ಬೆಳಗಿನ ಪ್ಯಾಸೆಂಜರ್ ರೈಲಿನಲ್ಲಿ ಶಾಲೆಗೆ ಹೋಗಿಬರುತ್ತಿದ್ದೇನೆ. ನನ್ನ ತಂದೆ ಇದೇ ಹಳಿಯ ಮೇಲೆ ದುಡಿದವರು. ಹಳಿ ದುರಸ್ತಿಯ ಗ್ಯಾಂಗಿಗೆ ಸೇರಿ, ಆಮೇಲೆ ಹಳಿಯುದ್ದಕ್ಕೂ ನಡೆದು ನೋಡಿಕೊಳ್ಳುವ ಕೀಮ್ಯಾನ್ ಆಗಿ, ಒಟ್ಟು 31 ವರ್ಷ ಸರ್ವಿಸ್ ಮಾಡಿ ನಿವೃತ್ತರಾದರು. ಹಾಗಾಗಿ ಈ ಪತ್ರದಲ್ಲಿ ಅರ್ಧ ನನ್ನದು, ಅರ್ಧ ಅವರದು. ಅವರೇ ಬರೆದಿದ್ದರೆ ಒಂದು ಸಾಲಿಗೆ ಮುಗಿಸುತ್ತಿದ್ದರು.

ಸ್ಟೇಷನ್ನಿನ ಹೆಸರು, ರೈಲಿನ ನಂಬರು ಇಲ್ಲಿ ಬರೆಯುತ್ತಿಲ್ಲ. ಬರೆದರೆ ಏನಾಗುತ್ತದೆ ಅಂತ ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆದ ನನಗೆ ಗೊತ್ತು. ಅಲ್ಲಿನ ಸ್ಟೇಷನ್ ಮಾಸ್ಟರಿಗೆ ಒಂದು ಮೆಮೊ ಹೋಗುತ್ತದೆ, ಅಲ್ಲಿಗೆ ವಿಷಯ ಮುಗಿಯುತ್ತದೆ. ತಪ್ಪು ಅವರದಲ್ಲ. ಯಾವ ರೈಲು ಮೊದಲು ಅಂತ ತೀರ್ಮಾನಿಸುವ ಕಂಟ್ರೋಲ್ ಆಫೀಸು ಹೇಳಿದ್ದನ್ನು ಅವರು ಮಾಡುತ್ತಾರೆ.

ನಮ್ಮ ಸೆಕ್ಷನ್ನಿಗೆ ಜೋಡಿ ಹಳಿ ಬಂದ ದಿನ ಸ್ಟೇಷನ್ನಿನಲ್ಲಿ ಸಿಹಿ ಹಂಚಿದ್ದೆವು. ಇನ್ನು ಕ್ರಾಸಿಂಗ್ ಕಾಟ ತಪ್ಪಿತು, ಎದುರಿನಿಂದ ಬರುವ ರೈಲಿಗಾಗಿ ಕಾಯುವುದು ಮುಗಿಯಿತು ಅಂದುಕೊಂಡಿದ್ದೆವು. ಎದುರಿನಿಂದ ಬರುವ ರೈಲಿಗೆ ಕಾಯುವುದು ನಿಜವಾಗಿಯೂ ತಪ್ಪಿತು. ಈಗ ಹಿಂದಿನಿಂದ ಬರುವ ರೈಲಿಗೆ ಕಾಯುತ್ತೇವೆ.

ಬೆಳಿಗ್ಗೆ ಎಂಟರ ಹೊತ್ತಿಗೆ ನಮ್ಮ ಪ್ಯಾಸೆಂಜರನ್ನು ಒಂದು ಸಣ್ಣ ಸ್ಟೇಷನ್ನಿನಲ್ಲಿ ಲೂಪ್ ಲೈನಿಗೆ, ಅಂದರೆ ಮೇನ್ ಲೈನಿನ ಪಕ್ಕದ ಕಾಯುವ ಹಳಿಗೆ, ಹಾಕುತ್ತಾರೆ. ಫ್ಯಾನ್ ನಿಲ್ಲುವುದಿಲ್ಲ, ಆದರೆ ಗಾಳಿ ನಿಲ್ಲುತ್ತದೆ. ಹೂವಿನ ಬುಟ್ಟಿ ತಂದ ಹೆಂಗಸರು ಒದ್ದೆ ಗೋಣಿಯ ಮೇಲೆ ಇನ್ನೊಂದು ಚೊಂಬು ನೀರು ಚಿಮುಕಿಸುತ್ತಾರೆ, ಮಾರುಕಟ್ಟೆಯಲ್ಲಿ ಮೊದಲ ಗಿರಾಕಿಗಳು ಹೊರಟುಹೋಗುವ ಹೊತ್ತು ಅದು. ಐಟಿಐ ಹುಡುಗರು ಕೆಳಗಿಳಿದು ಸಿಗ್ನಲ್ ಕಡೆ ನೋಡುತ್ತಾ ನಿಲ್ಲುತ್ತಾರೆ. ಡಯಾಲಿಸಿಸ್‌ಗೆ ವಾರಕ್ಕೆರಡು ಸಲ ಹೋಗುವ ಒಬ್ಬ ಹಿರಿಯರಿದ್ದಾರೆ, ಅವರು ಕಣ್ಣು ಮುಚ್ಚಿ ಕೂತಿರುತ್ತಾರೆ. ಇಪ್ಪತ್ತು ನಿಮಿಷ ಆಗುತ್ತದೆ, ಮೂವತ್ತಾಗುತ್ತದೆ. ಆಮೇಲೆ ಪಕ್ಕದ ಮೇನ್ ಲೈನಿನಲ್ಲಿ ವಂದೇ ಭಾರತ್ ಹಾದುಹೋಗುತ್ತದೆ. ಎಂಟು ಬೋಗಿಯ ರೈಲು, ಗಂಟೆಗೆ 110 ಕಿ.ಮೀ. ವೇಗ. ಒಮ್ಮೆ ಗಡಿಯಾರ ಹಿಡಿದು ನೋಡಿದ್ದೇನೆ, ಮುಂದಿನ ಮೂತಿಯಿಂದ ಹಿಂದಿನ ಮೂತಿಯವರೆಗೆ ಆರೇಳು ಸೆಕೆಂಡು. ಆರು ಸೆಕೆಂಡಿನ ದರ್ಶನಕ್ಕೆ ಅರ್ಧ ಗಂಟೆ ಸಾಲು ಅಂತ ಹುಡುಗರು ನಗುತ್ತಾರೆ.

ಒಂದು ತಿಂಗಳು ಹಾಜರಿ ಪುಸ್ತಕದ ಹಿಂದಿನ ಪುಟದಲ್ಲಿ ಲೆಕ್ಕ ಇಟ್ಟೆ. 24 ದಿನ ಓಡಾಡಿದೆ. 19 ದಿನ ಲೂಪಿಗೆ ಹಾಕಿದರು. ಅತಿ ಹೆಚ್ಚು ನಿಂತದ್ದು 52 ನಿಮಿಷ. ಆ ದಿನ ವೇಗದ ರೈಲೇ ತಡವಾಗಿ ಹೊರಟಿತ್ತು, ಆದರೂ ಅದು ಬರುವ ಮೊದಲು ನಮ್ಮನ್ನು ಮುಂದಿನ ಸ್ಟೇಷನ್ನಿಗೆ ಬಿಡುವ ಧೈರ್ಯ ಯಾರಿಗೂ ಆಗಲಿಲ್ಲ. ಕಾರಣ ನನಗೆ ಅರ್ಥವಾಗುತ್ತದೆ. ನಮ್ಮಂಥ ಸೆಕ್ಷನ್ನಿನಲ್ಲಿ ಎರಡು ಸ್ಟೇಷನ್ನುಗಳ ನಡುವೆ ಒಂದು ಹಳಿಯ ಮೇಲೆ ಒಂದು ಹೊತ್ತಿಗೆ ಒಂದೇ ರೈಲು ಇರಬೇಕು. ನಾವು ಒಂಬತ್ತು ಕಿಲೋಮೀಟರ್ ತೆವಳಿ ಮುಂದಿನ ಲೂಪ್ ಸೇರುವಷ್ಟರಲ್ಲಿ ಹಿಂದಿನ ರೈಲಿಗೆ ವೇಗ ತಗ್ಗಿಸು ಅನ್ನುವ ಹಳದಿ ಸಿಗ್ನಲ್ ಬಿತ್ತು ಅಂದರೆ, ಅದು ಯಾಕೆ ಬಿತ್ತು ಅಂತ ಮೇಲಿನಿಂದ ಫೋನ್ ಬರುತ್ತದೆ. ನಾವು 52 ನಿಮಿಷ ನಿಂತರೆ ಯಾರ ಫೋನೂ ಬರುವುದಿಲ್ಲ. ಎರಡರಲ್ಲಿ ಯಾವುದನ್ನು ಆರಿಸಿಕೊಳ್ಳಬೇಕು ಅಂತ ಕಂಟ್ರೋಲರಿಗೆ ಪಾಠ ಹೇಳಬೇಕಾಗಿಲ್ಲ.

ಇದಕ್ಕಿಂತ ನನಗೆ ಹೊಟ್ಟೆ ಉರಿಯುವ ವಿಷಯ ಇನ್ನೊಂದಿದೆ. ಹೊಸ ವೇಳಾಪಟ್ಟಿಯಲ್ಲಿ ಆ ಸಣ್ಣ ಸ್ಟೇಷನ್ನಿಗೂ ಮುಂದಿನದಕ್ಕೂ ನಡುವೆ ನಮ್ಮ ಪ್ಯಾಸೆಂಜರಿಗೆ ಮೊದಲಿಗಿಂತ ಅರ್ಧ ಗಂಟೆ ಹೆಚ್ಚು ಕೊಟ್ಟಿದ್ದಾರೆ. ಅಂದರೆ ಕಾಯುವುದನ್ನೇ ಪ್ರಯಾಣ ಅಂತ ಬರೆದುಬಿಟ್ಟಿದ್ದಾರೆ. ಈಗ ಕಾಗದದ ಮೇಲೆ ನಮ್ಮ ರೈಲು ತಡವಾಗುವುದೇ ಇಲ್ಲ. ಲೂಪಿನಲ್ಲಿ ಅರ್ಧ ಗಂಟೆ ಕೂತು, ಕೊನೆಯ ಸ್ಟೇಷನ್ನಿಗೆ 'ರೈಟ್ ಟೈಮ್' ತಲುಪುತ್ತದೆ. ನನ್ನ ಕ್ಲಾಸಿನಲ್ಲಿ ಯಾವನಾದರೂ ಉತ್ತರ ಸರಿಬರಲಿ ಅಂತ ಪ್ರಶ್ನೆಯನ್ನೇ ತಿದ್ದಿದರೆ ನಾನು ಸೊನ್ನೆ ಹಾಕುತ್ತೇನೆ.

ಇಷ್ಟು ಓದಿ, ಈಯಮ್ಮ ವೇಗದ ರೈಲಿನ ವಿರೋಧಿ ಅಂತ ತಾವು ತೀರ್ಮಾನಿಸಬಾರದು. ಆ ರೈಲನ್ನು ಕಂಡರೆ ನನಗೆ ಹೆಮ್ಮೆ. ಚೆನ್ನೈನ ಪೆರಂಬೂರಿನಲ್ಲಿರುವ ಇಂಟಿಗ್ರಲ್ ಕೋಚ್ ಫ್ಯಾಕ್ಟರಿಯವರು ಹದಿನೆಂಟು ತಿಂಗಳಲ್ಲಿ, ನೂರು ಕೋಟಿಯ ಆಸುಪಾಸಿನ ಖರ್ಚಿನಲ್ಲಿ ಮೊದಲ ರೈಲು ಮಾಡಿ 2018ರಲ್ಲಿ ಹೊರಗೆ ತಂದರು. ಆಗ ಅದರ ಹೆಸರು 'ಟ್ರೇನ್ 18'. ಪ್ರತ್ಯೇಕ ಎಂಜಿನ್ ಇಲ್ಲದೆ, ಒಂದು ಬಿಟ್ಟು ಒಂದು ಬೋಗಿಯ ಕೆಳಗೆ ಮೋಟಾರ್ ಕೂರಿಸಿ, ರೈಲೇ ತನ್ನನ್ನು ತಾನು ಎಳೆದುಕೊಳ್ಳುವ ಹಾಗೆ ಮಾಡಿದರು. ಹಾಗಾಗಿಯೇ ಅದು ನಿಂತಲ್ಲಿಂದ ಒಂದು ನಿಮಿಷದೊಳಗೆ 100 ಕಿ.ಮೀ. ವೇಗ ಹಿಡಿಯುತ್ತದೆ. ಪರೀಕ್ಷೆಯಲ್ಲಿ 180 ಮುಟ್ಟಿತು. 2019ರ ಫೆಬ್ರವರಿ 15ರಂದು ದೆಹಲಿ–ವಾರಾಣಸಿ ನಡುವೆ ಓಟ ಶುರುವಾಯಿತು. 2022ರ ನವೆಂಬರ್ 11ರಂದು ಮೈಸೂರು–ಚೆನ್ನೈ ರೈಲಿನ ರೂಪದಲ್ಲಿ ದಕ್ಷಿಣಕ್ಕೆ ಬಂತು, ಮರುವರ್ಷ ಜೂನ್‌ನಲ್ಲಿ ಬೆಂಗಳೂರು–ಧಾರವಾಡಕ್ಕೂ ಬಂತು. ಈಗ ಬೆಂಗಳೂರಿನ ಬೆಮೆಲ್‌ಗೆ 280 ಕಿ.ಮೀ. ವಿನ್ಯಾಸವೇಗದ ಎರಡು ರೈಲು ಮಾಡುವ ಕೆಲಸ ವಹಿಸಿದ್ದಾರೆ. 2024ರ ಅಕ್ಟೋಬರಿನಲ್ಲಿ ಆದ ಆ ಒಪ್ಪಂದದ ಮೊತ್ತ 866.87 ಕೋಟಿ ರೂಪಾಯಿ. ಇದನ್ನೆಲ್ಲ ಮಕ್ಕಳಿಗೆ ಕ್ಲಾಸಿನಲ್ಲಿ ಹೇಳಿದ್ದೇನೆ, ಬೋರ್ಡಿನ ಮೇಲೆ ಚಿತ್ರವನ್ನೂ ಬರೆದಿದ್ದೇನೆ.

ಅಪ್ಪನನ್ನು ಒಮ್ಮೆ ಆ ರೈಲಿನಲ್ಲಿ ಬೆಂಗಳೂರಿಗೆ ಕರೆದುಕೊಂಡು ಹೋದೆ. ಬೇಡ, ಅಷ್ಟು ದುಡ್ಡು ಯಾಕೆ ಅಂತ ಎರಡು ದಿನ ಗೊಣಗಿದರು. ಹತ್ತಿದ ಮೇಲೆ ಸೀಟು ನೋಡಲಿಲ್ಲ, ತಾನಾಗಿ ತೆರೆಯುವ ಬಾಗಿಲು ನೋಡಲಿಲ್ಲ, ಕೊಟ್ಟ ತಿಂಡಿಯನ್ನೂ ಮುಟ್ಟಲಿಲ್ಲ. ಕಿಟಕಿಯ ಕೆಳಗಿನ ಪಟ್ಟಿಯ ಮೇಲೆ ಅಂಗೈ ಊರಿ ಕೂತರು. ತಾವು ನಡೆದು ಸವೆಸಿದ ಸೆಕ್ಷನ್ ಬಂದಾಗ ಅವರ ತುಟಿ ಅಲ್ಲಾಡುತ್ತಿತ್ತು. ಕಿಲೋಮೀಟರ್ ಕಲ್ಲುಗಳನ್ನು ಎಣಿಸುತ್ತಿದ್ದರು. ಹೊಳೆಯ ಸೇತುವೆ ಹತ್ತಿರ ಬಂತು. ಅದಕ್ಕೆ ಸ್ವಲ್ಪ ಮುಂಚೆ ಬೋಗಿ ಒಮ್ಮೆ ಕೆಳಗಿಳಿದ ಹಾಗಾಗಿ ಮೇಲೆದ್ದಿತು. ನನ್ನ ಕಾಫಿ ಕಪ್ಪಿನಲ್ಲಿ ಒಂದು ಉಂಗುರ ಎದ್ದು ಅಂಚಿಗೆ ಹೋಗಿ ಸತ್ತಿತು, ಅಷ್ಟೇ. ಪಕ್ಕದ ಯಾರಿಗೂ ಗೊತ್ತಾಗಲಿಲ್ಲ. ಅಪ್ಪ ಕೈ ಎತ್ತಿ ನನ್ನ ಮುಖ ನೋಡಿ, "ಪ್ಯಾಕಿಂಗ್ ಸಡಿಲ ಆಗೈತೆ," ಅಂದರು.

ಸೇತುವೆಯ ಮೇಲೆ ಹಳಿ ಗಟ್ಟಿ ಕೂತಿರುತ್ತದೆ. ಅದಕ್ಕೆ ತಾಗಿದ ಮಣ್ಣಿನ ಏರಿ ಕುಸಿಯುತ್ತಲೇ ಇರುತ್ತದೆ. ಹಾಗಾಗಿ ಹಳಿ ಹೊತ್ತ ಅಡ್ಡಪಟ್ಟಿಯ, ಅಂದರೆ ಸ್ಲೀಪರಿನ, ಕೆಳಗಿನ ಜಲ್ಲಿ ಅಲ್ಲಿ ಬೇಗ ಸಡಿಲವಾಗುತ್ತದೆ, ಅದನ್ನು ಮತ್ತೆ ಮತ್ತೆ ಗಟ್ಟಿ ಮಾಡುತ್ತಿರಬೇಕು; ಅದಕ್ಕೇ ಪ್ಯಾಕಿಂಗ್ ಅನ್ನುವುದು. ಇದು ಅಪ್ಪನಿಂದ ನಾನು ಎಂಟನೇ ವಯಸ್ಸಿನಲ್ಲಿ ಕಲಿತದ್ದು. ಇದನ್ನು ತಮಗೆ ಹೇಳುವುದು ಮೀನಿಗೆ ಈಜು ಕಲಿಸಿದ ಹಾಗೆ. ಆದರೂ ಹೇಳುತ್ತಿದ್ದೇನೆ, ಯಾಕೆಂದರೆ ನಮ್ಮ ಸೆಕ್ಷನ್ನಿನ ವೇಗವನ್ನು 110ರಿಂದ 130ಕ್ಕೆ ಏರಿಸುವ ತಯಾರಿ ನಡೆದಿದೆ ಅಂತ ಹಳಿಯ ಮೇಲೆ ದುಡಿಯುವವರೇ ಮಾತಾಡಿಕೊಳ್ಳುತ್ತಿದ್ದಾರೆ.

ಗಣಿತದ ಮೇಡಂ ಅಂದಮೇಲೆ ಲೆಕ್ಕ ಹಾಕದೆ ಬಿಡುತ್ತೇನೆಯೇ? 100 ಕಿಲೋಮೀಟರನ್ನು 110ರ ವೇಗದಲ್ಲಿ ಎಲ್ಲೂ ನಿಲ್ಲದೆ ಓಡಿದರೆ ಐವತ್ತನಾಲ್ಕೂವರೆ ನಿಮಿಷ. 130ರಲ್ಲಿ ಓಡಿದರೆ 46 ನಿಮಿಷ ಚಿಲ್ಲರೆ. ಉಳಿದದ್ದು ಎಂಟು ನಿಮಿಷ. ದೊಡ್ಡ ಊರಿನ ಔಟರ್ ಸಿಗ್ನಲ್ಲಿನಲ್ಲಿ ಪ್ಲಾಟ್‌ಫಾರ್ಮ್ ಖಾಲಿಯಾಗಲಿ ಅಂತ ಒಂದು ಸಲ ನಿಂತರೆ ಅದು ಹೋಯಿತು. ಇತ್ತ, ವೇಗ ಏರುವುದು ಶೇ 18ರಷ್ಟು, ಆದರೆ ನಿಲ್ಲಿಸುವಾಗ ಬ್ರೇಕ್ ಅರಗಿಸಿಕೊಳ್ಳಬೇಕಾದ ಶಕ್ತಿ ಶೇ 40ರಷ್ಟು ಏರುತ್ತದೆ. ಶಕ್ತಿ ವೇಗದ ವರ್ಗಕ್ಕೆ ಸರಿಯಾಗಿ ಹೆಚ್ಚುತ್ತದೆ ಅನ್ನುವುದು ಹತ್ತನೇ ಕ್ಲಾಸು ಮುಗಿಸಿದ ಮಕ್ಕಳಿಗೂ ಗೊತ್ತು.

ತಿರುವುಗಳ ಲೆಕ್ಕ ಇನ್ನೂ ತಮಾಷೆಯದು. ತಿರುವಿನಲ್ಲಿ ಹೊರಗಿನ ಹಳಿಯನ್ನು ಸ್ವಲ್ಪ ಎತ್ತರಿಸುತ್ತಾರೆ, ಸೈಕಲ್ ತಿರುಗಿಸುವಾಗ ನಾವು ಒಳಕ್ಕೆ ವಾಲುವ ಹಾಗೆ ರೈಲೂ ವಾಲಲಿ ಅಂತ. 875 ಮೀಟರ್ ತ್ರಿಜ್ಯದ ತಿರುವು, ತಮ್ಮ ಭಾಷೆಯಲ್ಲಿ 2 ಡಿಗ್ರಿ ಕರ್ವ್, ತೆಗೆದುಕೊಳ್ಳಿ. ಅಲ್ಲಿ 130ರಲ್ಲಿ ಹೋಗುವ ರೈಲಿಗೆ ಪೂರ್ತಿ ಒಗ್ಗುವಂತೆ ಮಾಡಬೇಕಾದರೆ ಹೊರಹಳಿ 266 ಮಿಲಿಮೀಟರ್ ಎತ್ತರ ಇರಬೇಕು. 60ರಲ್ಲಿ ಹೋಗುವ ಗೂಡ್ಸಿಗೆ 57 ಸಾಕು. ನಿಯಮದ ಪ್ರಕಾರ ಗರಿಷ್ಠ 165. ಎತ್ತರ ಜಾಸ್ತಿ ಇಟ್ಟರೆ ಗೂಡ್ಸ್ ಒಳಹಳಿಯ ಮೇಲೆ ಬಿದ್ದು ಅದನ್ನು ಅರೆಯುತ್ತದೆ, ಕಡಿಮೆ ಇಟ್ಟರೆ ವೇಗದ ರೈಲು ಹೊರಹಳಿಯನ್ನು ಒತ್ತುತ್ತದೆ. ಅತ್ತೆ ಸೊಸೆ ಇಬ್ಬರಿಗೂ ಒಂದೇ ಅಳತೆಯ ರವಿಕೆ ಹೊಲಿದ ಹಾಗೆ. ಆ ಹರಿದ ಹೊಲಿಗೆಯನ್ನು ದಿನಾ ಕೂರಿಸುವವರು ಗ್ಯಾಂಗಿನವರು.

ಜಪಾನಿನವರು ಈ ಜಗಳಕ್ಕೇ ಹೋಗಲಿಲ್ಲ. ಅವರ ಹಳೆಯ ಹಳಿ 1,067 ಮಿ.ಮೀ. ಅಗಲದ್ದು. 1964ರ ಅಕ್ಟೋಬರ್ 1ರಂದು ಟೋಕಿಯೊ–ಒಸಾಕಾ ನಡುವೆ ಶಿಂಕಾನ್ಸೆನ್ ಅನ್ನುವ ಬುಲೆಟ್ ರೈಲು ಹೊರಟಾಗ ಅದಕ್ಕೆಂದೇ 1,435 ಮಿ.ಮೀ.ನ ಬೇರೆ ಹಳಿ ಹಾಸಿದ್ದರು. ಆ ಹಳಿಯ ಮೇಲೆ ಗೂಡ್ಸ್ ಇಲ್ಲ, ಪ್ಯಾಸೆಂಜರ್ ಇಲ್ಲ, ಲೆವೆಲ್ ಕ್ರಾಸಿಂಗ್ ಇಲ್ಲ. ಅಂದೇ ವೇಗ 210. ನಮ್ಮವರು ಶಿಂಕಾನ್ಸೆನ್ ಅಂದಕೂಡಲೇ ಮೂತಿಯ ಚಿತ್ರ ತೋರಿಸುತ್ತಾರೆ. ನನಗೆ ಅದರಲ್ಲಿ ಮೆಚ್ಚುಗೆಯಾಗಿರುವುದು ಬೇರೆ: ರಾತ್ರಿ 12ರಿಂದ ಬೆಳಿಗ್ಗೆ 6ರವರೆಗೆ ಅಲ್ಲಿ ಪ್ರಯಾಣಿಕರ ರೈಲು ಓಡುವುದಿಲ್ಲ. ಆ ಆರು ಗಂಟೆ ಹಳಿಯದು, ಹಳಿ ನೋಡಿಕೊಳ್ಳುವವರದು. 'ಡಾಕ್ಟರ್ ಯೆಲ್ಲೋ' ಅಂತ ಹಳದಿ ಬಣ್ಣದ ಒಂದು ರೈಲು ದಶಕಗಳ ಕಾಲ ಅದೇ ವೇಗದಲ್ಲಿ ಓಡುತ್ತಾ ಹಳಿ, ತಂತಿ ಎರಡರ ನಾಡಿ ಹಿಡಿಯುತ್ತಿತ್ತು. ಆರು ದಶಕವಾದರೂ ಅಲ್ಲಿ ಹಳಿ ತಪ್ಪಿಯೋ ಡಿಕ್ಕಿ ಹೊಡೆದೋ ಒಬ್ಬ ಪ್ರಯಾಣಿಕನೂ ಸತ್ತಿಲ್ಲ.

ಮುಂಬೈ–ಅಹಮದಾಬಾದ್ ನಡುವಿನ 508 ಕಿ.ಮೀ.ಗೆ ಅದೇ ಮಾದರಿಯ ಪ್ರತ್ಯೇಕ ಹಳಿ ಬರುತ್ತಿದೆ. 2017ರಲ್ಲಿ ಶಂಕುಸ್ಥಾಪನೆಯಾದಾಗ ಹೇಳಿದ ಅಂದಾಜೇ ಒಂದು ಲಕ್ಷ ಕೋಟಿ ದಾಟಿತ್ತು. ಎಲ್ಲ ಊರಿಗೂ ಹಾಗೆ ಹಾಸಿ ಅಂತ ಕೇಳುವಷ್ಟು ಅವಿವೇಕಿ ನಾನಲ್ಲ. ನಮ್ಮ ಪಾಲಿಗೆ ಗೂಡ್ಸು, ಪ್ಯಾಸೆಂಜರು, ವೇಗದ ರೈಲು ಎಲ್ಲವೂ ಒಂದೇ ಹಳಿಯ ಮೇಲೆ, ಇನ್ನೂ ಬಹಳ ಕಾಲ. ಹಾಗಿದ್ದಮೇಲೆ ಆ ಹಳಿಗೆ ಬಿಡುವು ಕೊಡುವುದನ್ನಾದರೂ ಜಪಾನಿನಿಂದ ತರಬಹುದಿತ್ತು. ಆಗುತ್ತಿರುವುದು ತಿರುವುಮುರುವು. ರೈಲು ಹೆಚ್ಚಾದಂತೆ ಬ್ಲಾಕ್, ಅಂದರೆ ರೈಲು ನಿಲ್ಲಿಸಿ ಹಳಿ ಕೆಲಸಕ್ಕೆ ಬಿಟ್ಟುಕೊಡುವ ಹೊತ್ತು, ಸಿಗುವುದು ಕಷ್ಟವಾಗುತ್ತಿದೆ. ಗ್ಯಾಂಗಿನವರು ಎರಡು ಗಂಟೆ ಬ್ಲಾಕ್ ಕೇಳಿದರೆ ಒಂದು ಗಂಟೆ ಅನ್ನುತ್ತಾರೆ, ಅದರಲ್ಲೂ ಕಾಲು ಗಂಟೆ ಫೋನಿನಲ್ಲೇ ಕಳೆಯುತ್ತದೆ. ನಾವು ಲೂಪಿನಲ್ಲಿ ಕೂತಿದ್ದಾಗ ಒಮ್ಮೆ ಪಕ್ಕದ ಸೈಡಿಂಗಿನಲ್ಲಿ ಟ್ಯಾಂಪಿಂಗ್ ಮೆಷಿನ್ ನಿಂತಿತ್ತು. ಅದರ ಆಪರೇಟರ್ ನೆರಳಿನಲ್ಲಿ ಕೂತು ಟಿಫಿನ್ ಬಾಕ್ಸ್ ಬಿಚ್ಚಿದ್ದರು. ಬೆಳಿಗ್ಗೆಯಿಂದ ಕಾಯ್ತಾ ಇದೀವಿ ಮೇಡಂ, ವಂದೇ ಭಾರತ್ ಹೋಗಲಿ ಅಂದ್ರು ಅಂದರು. ಅವತ್ತು ನಾವೂ ಕಾಯುತ್ತಿದ್ದೆವು, ಹಳಿ ಗಟ್ಟಿ ಮಾಡುವ ಯಂತ್ರವೂ ಕಾಯುತ್ತಿತ್ತು.

ಇನ್ನು ಜೀವದ ಮಾತು.

ಕೀಮ್ಯಾನ್ ದಿನವೂ ತನ್ನ ಬೀಟ್, ಅಂದರೆ ತನ್ನ ಪಾಲಿನ ಹಳಿಯ ಉದ್ದಕ್ಕೂ ಒಬ್ಬನೇ ನಡೆಯುತ್ತಾನೆ. ಹೆಗಲಲ್ಲಿ ಸುತ್ತಿಗೆ, ಸ್ಪ್ಯಾನರ್, ಕೆಂಪು ಬಾವುಟ, ಅಪಾಯವಿದ್ದರೆ ಚಾಲಕನನ್ನು ಎಚ್ಚರಿಸಲು ಹಳಿಗೆ ಕಟ್ಟುವ ಪಟಾಕಿ. ಹಳಿಯನ್ನು ಹಿಡಿದಿಡುವ ಕ್ಲಿಪ್ ಸಡಿಲವಾಗಿದ್ದರೆ ಒಂದು ಏಟು, ಮುಂದಿನದಕ್ಕೆ ಕಣ್ಣು. ಏಟು ಬಿದ್ದ ಸದ್ದಿನಲ್ಲೇ ಕ್ಲಿಪ್ ಕೂತಿತೋ ಇಲ್ಲವೋ ಅಪ್ಪನಿಗೆ ಗೊತ್ತಾಗುತ್ತಿತ್ತು. ಡೀಸೆಲ್ ಎಂಜಿನ್ನಿನ ಕಾಲದಲ್ಲಿ ರೈಲು ಬರುವುದೂ ಕಿವಿಗೇ ಗೊತ್ತಾಗುತ್ತಿತ್ತು, ಎರಡು ಮೈಲಿ ಆಚೆಯಿಂದ. ಈ ಹೊಸ ರೈಲಿಗೆ ಎಂಜಿನ್ನೇ ಇಲ್ಲ. ಎದುರುಗಾಳಿ ಇದ್ದರೆ ಹತ್ತಿರ ಬರುವವರೆಗೂ ಸದ್ದಿಲ್ಲ. 130ರ ವೇಗ ಅಂದರೆ ಸೆಕೆಂಡಿಗೆ 36 ಮೀಟರ್. ತಿರುವಿನ ಆಚೆಯಿಂದ ಅರ್ಧ ಕಿಲೋಮೀಟರ್ ದೂರದಲ್ಲಿ ರೈಲಿನ ದೀಪ ಕಂಡಿತು ಅಂದರೆ ಅವನ ಕೈಯಲ್ಲಿ ಉಳಿದದ್ದು ಹದಿನಾಲ್ಕು ಸೆಕೆಂಡು. ಅಷ್ಟರಲ್ಲಿ ಕ್ಲಿಪ್ಪಿನಿಂದ ಕಣ್ಣು ಎತ್ತಬೇಕು, ಸಾಮಾನು ಎತ್ತಬೇಕು, ಜಲ್ಲಿಯ ದಿಬ್ಬ ಇಳಿಯಬೇಕು. ಜೋಡಿ ಹಳಿಯಲ್ಲಿ ಇನ್ನೊಂದು ಅಪಾಯ ಇದೆ. ಒಂದು ಹಳಿಯಲ್ಲಿ ಗೂಡ್ಸ್ ಬಂತು ಅಂತ ಪಕ್ಕದ ಹಳಿಗೆ ಸರಿದು ನಿಲ್ಲುತ್ತಾರೆ. ಗೂಡ್ಸಿನ ಗದ್ದಲದಲ್ಲಿ ಆ ಹಳಿಯ ಮೇಲೆ ಬರುವುದು ಕೇಳಿಸುವುದಿಲ್ಲ. ಅಪ್ಪನ ಜೊತೆಗಾರರೊಬ್ಬರು ಹಾಗೇ ಹೋದರು. ಆಗಿನ್ನೂ ಈ ವೇಗ ಇರಲಿಲ್ಲ.

ರೈಲು ಡಿಕ್ಕಿ ತಪ್ಪಿಸುವ 'ಕವಚ' ವ್ಯವಸ್ಥೆ ಬಂದಿದೆ, ಗೊತ್ತು. ಅದರ ಮೊದಲ ಪ್ರಯೋಗಗಳು ನಡೆದದ್ದೇ ನಮ್ಮ ವಾಡಿ, ಬೀದರ್ ಕಡೆಯ ಹಳಿಗಳ ಮೇಲೆ. ಕೆಂಪು ಸಿಗ್ನಲ್ ದಾಟುವಂತಾದರೆ ಚಾಲಕ ಬ್ರೇಕ್ ಹಾಕದಿದ್ದರೂ ಅದು ಹಾಕುತ್ತದೆ. 2023ರ ಜೂನ್ 2ರಂದು ಬಾಲಸೋರ್ ಹತ್ತಿರ ವೇಗವಾಗಿ ಬಂದ ಎಕ್ಸ್‌ಪ್ರೆಸ್ ಲೂಪ್ ಲೈನಿಗೆ ನುಗ್ಗಿ, ಅಲ್ಲಿ ನಿಂತಿದ್ದ ಗೂಡ್ಸಿಗೆ ಗುದ್ದಿ ಇನ್ನೂರೈವತ್ತಕ್ಕೂ ಹೆಚ್ಚು ಜನ ಸತ್ತರಲ್ಲ, ಅದಾದ ಮೇಲೆ ನಾನು ಲೂಪಿನಲ್ಲಿ ಕೂತಾಗಲೆಲ್ಲ ಹಿಂದಿನ ಪಾಯಿಂಟ್ಸ್ ಕಡೆ, ಅಂದರೆ ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಜಾಗದ ಕಡೆ, ಒಮ್ಮೆ ನೋಡುತ್ತೇನೆ. ಹಾಗಾಗಿ ಸುರಕ್ಷತೆಗೆ ಸುರಿಯುವ ದುಡ್ಡು ದಂಡ ಅಂತ ನಾನು ಯಾವತ್ತೂ ಅನ್ನುವುದಿಲ್ಲ. ಆದರೆ ಕವಚ ರೈಲಿನಿಂದ ರೈಲನ್ನು ಕಾಯುತ್ತದೆ. ಹಳಿಯ ಮೇಲೆ ಬಗ್ಗಿ ನಿಂತ ಮನುಷ್ಯ ಅದಕ್ಕೆ ಕಾಣುವುದಿಲ್ಲ. ಅವನಿಗೆ ರೈಲು ಬರುತ್ತಿದೆ ಅಂತ ಮೊದಲೇ ಎಚ್ಚರಿಸುವ 'ರಕ್ಷಕ್' ಅನ್ನುವ ಸಾಧನ ರೈಲ್ವೆಯಲ್ಲೇ ಇದೆ. ನಮ್ಮ ಸೆಕ್ಷನ್ನಿನಲ್ಲಿ ಈಗ ಕೀಮ್ಯಾನ್ ಆಗಿ ನಡೆಯುವ ಹುಡುಗನನ್ನು ಕೇಳಿದೆ. ಹೆಸರು ಕೇಳಿದೀನಿ ಅಕ್ಕ, ಕಣ್ಣಲ್ಲಿ ನೋಡಿಲ್ಲ ಅಂದ.

ಜರ್ಮನಿಯ ಎಶೆಡೆಯಲ್ಲಿ 1998ರ ಜೂನ್ 3ರಂದು ಐಸಿಇ ಅನ್ನುವ ವೇಗದ ರೈಲು ಹಳಿ ತಪ್ಪಿ 101 ಜನ ಸತ್ತರು. ಚಕ್ರದ ಉಕ್ಕಿನ ಹೊರಬಳೆ ದಣಿದು ಮುರಿದಿತ್ತು. ಮುರಿದ ಬಳೆ ನೆಲ ಸೀಳಿಕೊಂಡು ಸೀಟುಗಳ ನಡುವೆ ಮೇಲೆದ್ದದ್ದನ್ನು ಕಂಡ ಪ್ರಯಾಣಿಕರೊಬ್ಬರು ಓಡಿಹೋಗಿ ರೈಲಿನ ಸಿಬ್ಬಂದಿಗೆ ಹೇಳಿದರು. ಕಣ್ಣಾರೆ ನೋಡದೆ ರೈಲು ನಿಲ್ಲಿಸುವ ಹಾಗಿಲ್ಲ, ನಿಯಮ ಹಾಗಿದೆ ಅಂತ ಅವರು ನೋಡಲು ಹೊರಟರು. ಅಷ್ಟರಲ್ಲಿ ಮುಗಿದುಹೋಯಿತು. ನಾನು ಇದನ್ನು ಹೆದರಿಸಲು ಹೇಳುತ್ತಿಲ್ಲ. ಕೆಳಗಿನವರು ಹೇಳಿದ್ದು ಮೇಲೆ ಮುಟ್ಟಲು ಎಷ್ಟು ಹೊತ್ತು ಬೇಕು ಅನ್ನುವುದೇ ವೇಗದ ರೈಲಿನ ನಿಜವಾದ ಪರೀಕ್ಷೆ ಅಂತ ನನಗೆ ಅನ್ನಿಸುತ್ತದೆ. ಅಪ್ಪನ ಕೈಗೆ ತಾಗಿದ ಆ ಸೇತುವೆಯ ಕುಲುಕನ್ನು ನಾನು ಮರುದಿನವೇ ಬರೆದು ಕೊಟ್ಟೆ. ದೂರು ಪ್ರಯಾಣದ ಸೌಕರ್ಯಕ್ಕೆ ಸಂಬಂಧಿಸಿದ್ದು ಅಂತ ವರ್ಗ ಮಾಡಿ, ವಿಚಾರಿಸಲಾಗಿದೆ ಅಂತ ಮೊಬೈಲಿಗೆ ಒಂದು ಸಂದೇಶ ಕಳಿಸಿ ಮುಗಿಸಿದರು. ಯಾರು ವಿಚಾರಿಸಿದರು, ಯಾರನ್ನು ವಿಚಾರಿಸಿದರು?

ಬೇಲಿಯ ವಿಷಯ ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇನೆ. 2022ರ ಅಕ್ಟೋಬರಿನಲ್ಲಿ ಗುಜರಾತಿನಲ್ಲಿ ಎಮ್ಮೆಗಳಿಗೆ ಡಿಕ್ಕಿಯಾಗಿ ವಂದೇ ಭಾರತ್‌ನ ಮೂತಿ ಕಳಚಿತಲ್ಲ, ಆಮೇಲೆ ಬೇಲಿಯ ಕೆಲಸ ಚುರುಕಾಯಿತು. ಒಳ್ಳೆಯದೇ. ಆದರೆ ಹಳಿಯ ಆಚೆ ಹೊಲ, ಈಚೆ ಮನೆ ಇರುವವರು ಎಮ್ಮೆಯ ಜೊತೆ ಎಲ್ಲಿ ದಾಟಬೇಕು ಅಂತ ಬೇಲಿ ಹಾಕುವ ಮೊದಲು ಕೇಳಲಿಲ್ಲ. ಕೆಳಸೇತುವೆ ಒಂದು ಕಟ್ಟಿದ್ದಾರೆ, ಅದರಲ್ಲಿ ಮಳೆಗಾಲವೆಲ್ಲ ಮೊಣಕಾಲುದ್ದ ನೀರು. ಜನ ಬೇಲಿಯನ್ನೇ ಬಗ್ಗಿಸಿ ದಾಟುತ್ತಾರೆ, ನನ್ನ ಇಬ್ಬರು ವಿದ್ಯಾರ್ಥಿಗಳೂ ಸೇರಿ.

ಮಾನ್ಯರೇ, ನಾನು ಕೇಳುವುದು ಏನು ಅಂತ ಈಗ ಹೇಳಬೇಕು.

ಮೊದಲನೆಯದು, 130ಕ್ಕೆ ಏರಿಸುವ ಮುಂಚೆ ಆ ಸೆಕ್ಷನ್ನಿನ ಪ್ರತಿಯೊಬ್ಬ ಕೀಮ್ಯಾನ್, ಪ್ಯಾಟ್ರೋಲ್‌ಮ್ಯಾನ್ ಕೈಯಲ್ಲಿ ಎಚ್ಚರಿಕೆ ಸಾಧನ ಇರಬೇಕು. ಇದರಲ್ಲಿ ಚೌಕಾಸಿ ಇಲ್ಲ. ಅವರಿಗೆ ಕೊಡುವಷ್ಟು ಸಾಧನ ಬಂದಿಲ್ಲ ಅಂದರೆ ವೇಗವೂ ಬರದಿರಲಿ. ಎಂಟು ನಿಮಿಷ ತಡವಾಗಿ ತಲುಪಿದರೆ ಬೆಂಗಳೂರೇನೂ ಓಡಿಹೋಗುವುದಿಲ್ಲ.

ಹಳಿ ರಿಪೇರಿಗೆ ದಿನಕ್ಕೆ ಇಷ್ಟು ಗಂಟೆ ಅಂತ ವೇಳಾಪಟ್ಟಿಯಲ್ಲೇ ಜಾಗ ಮಾಡಿ, ಅದನ್ನು ಒಂದು ರೈಲಿನ ಹಾಗೆ ನಡೆಸಿ. ಅದಕ್ಕೂ ಒಂದು ನಂಬರು ಕೊಡಿ. ಅದು ರದ್ದಾದರೆ ರೈಲು ರದ್ದಾದ ಹಾಗೇ ಕಾರಣ ಬರೆಯಲಿ. ಕೀಮ್ಯಾನ್ ತನ್ನ ಡೈರಿಯಲ್ಲಿ ಬರೆದದ್ದಕ್ಕೆ ಮೂರು ದಿನದೊಳಗೆ ಲಿಖಿತ ಉತ್ತರ ಸಿಗಲಿ, ಸಹಿ ಸಮೇತ.

ನಮ್ಮ ಲೂಪಿನ ವಿಷಯಕ್ಕೆ ಬಂದರೆ, ವೇಗದ ರೈಲು ಮೊದಲು ಹೋಗಬಾರದು ಅಂತ ನಾನು ವಾದಿಸುವುದಿಲ್ಲ. ಸಾವಿರ ಸಾವಿರ ಕೊಟ್ಟು ಕೂತವರು ಮೊದಲು ಹೋಗಲಿ. ಆದರೆ ಯಾವ ಪ್ಯಾಸೆಂಜರನ್ನೂ ಹದಿನೈದು ನಿಮಿಷಕ್ಕಿಂತ ಹೆಚ್ಚು ನಿಲ್ಲಿಸಬಾರದು ಅಂತ ಒಂದು ಮಿತಿ ಬೇಕು, ಮಿತಿ ದಾಟಿದ ದಿನ ಅದು ಲೆಕ್ಕಕ್ಕೆ ಬೀಳಬೇಕು. ವೇಳಾಪಟ್ಟಿಯೊಳಗೆ ಬಚ್ಚಿಟ್ಟ ಆ ಅರ್ಧ ಗಂಟೆಯನ್ನು ಹೊರಗೆ ತೆಗೆದು, 'ಕಾಯುವ ಸಮಯ' ಅಂತ ಅದರದೇ ಹೆಸರಿನಲ್ಲಿ ಅಚ್ಚು ಹಾಕಿಸಿ. ನಮ್ಮಂಥ ಸೆಕ್ಷನ್ನಿಗೆ ಆಟೋಮ್ಯಾಟಿಕ್ ಸಿಗ್ನಲ್ ಯಾವ ವರ್ಷ ಬರುತ್ತದೆ ಅನ್ನುವುದನ್ನೂ ತಿಳಿಸಿ. ಅದು ಬಂದರೆ ಎರಡು ಸ್ಟೇಷನ್ನುಗಳ ನಡುವೆ ಒಂದರ ಹಿಂದೆ ಒಂದು ರೈಲು ಬಿಡಬಹುದು, ಕಂಟ್ರೋಲರಿನ ಎದೆಬಡಿತವೂ ಕಡಿಮೆಯಾದೀತು.

ಜೊತೆಗೆ ಇನ್ನೊಂದು ವಿನಂತಿ, ಇದಕ್ಕೆ ಪೈಸೆ ಖರ್ಚಿಲ್ಲ. ಜಾಹೀರಾತಿನಲ್ಲಿ 160, 180 ಅಂತ ಹಾಕುವ ಬದಲು ಸರಾಸರಿ ವೇಗ ಹಾಕಿ. ಮಾಹಿತಿ ಹಕ್ಕಿನಡಿ ರೈಲ್ವೆ ಕೊಟ್ಟ ಉತ್ತರದಂತೆ ವಂದೇ ಭಾರತ್ ರೈಲುಗಳ ಸರಾಸರಿ ವೇಗ 2020–21ರಲ್ಲಿ 84.48 ಕಿ.ಮೀ. ಇದ್ದದ್ದು 2023–24ರಲ್ಲಿ 76.25ಕ್ಕೆ ಇಳಿದಿತ್ತು. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ರೈಲು ಅದೇ, ಮೋಟಾರೂ ಅದೇ. ಹೊಸ ಹೊಸ ಊರಿನ ಹಳಿಗಳ ಮೇಲೆ, ಘಟ್ಟ ತಿರುವುಗಳ ಮೇಲೆ, ದುರಸ್ತಿ ನಡೆಯುತ್ತಿರುವಲ್ಲಿ ವೇಗ ತಗ್ಗಿಸು ಅನ್ನುವ ಕಾಷನ್ ಬೋರ್ಡ್ ದಾಟಿಕೊಂಡು ಓಡಬೇಕು. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ 55 ಕಿ.ಮೀ. ಘಟ್ಟದಲ್ಲಿ 50 ಮೀಟರಿಗೆ ಒಂದು ಮೀಟರ್ ಇಳಿಜಾರು, ದಾರಿಯುದ್ದಕ್ಕೂ 57 ಸುರಂಗ. ಅಲ್ಲಿ ಯಾವ ಕಂಪನಿಯ ಯಾವ ಮೂತಿ ಕಟ್ಟಿದರೂ ರೈಲು ಬೆಟ್ಟ ಹೇಳಿದಷ್ಟೇ ವೇಗದಲ್ಲಿ ಹೋಗುತ್ತದೆ. ಜನರಿಗೆ ಇದನ್ನು ಬಿಡಿಸಿ ಹೇಳಿದರೆ ಅರ್ಥವಾಗುತ್ತದೆ. ಹಳಿಗೆ ದುಡ್ಡು ಯಾಕೆ ಬೇಕು ಅನ್ನುವುದೂ ಆಗ ಗೊತ್ತಾಗುತ್ತದೆ, ಬಾವುಟ ತೋರಿಸುವ ದಿನ ಹಾರ ಬೀಳುವುದು ರೈಲಿನ ಮೂತಿಗೆ ಮಾತ್ರ ಆಗಿರುವುದಿಲ್ಲ.

ತಾವು ಒಂದು ಸೋಮವಾರ ಬೆಳಿಗ್ಗೆ, ಇನ್‌ಸ್ಪೆಕ್ಷನ್ ಬೋಗಿ ಬಿಟ್ಟು, ನಮ್ಮ ಪ್ಯಾಸೆಂಜರಿನಲ್ಲಿ ಬನ್ನಿ. ಮೊದಲೇ ಹೇಳಿಬಂದರೆ ಅವತ್ತು ನಮ್ಮನ್ನು ಲೂಪಿಗೆ ಹಾಕುವುದಿಲ್ಲ, ಆದ್ದರಿಂದ ಹೇಳದೆ ಬನ್ನಿ. ಮುಂದಿನಿಂದ ಮೂರನೇ ಡಬ್ಬಿಯಲ್ಲಿ ನಾವಿರುತ್ತೇವೆ. ಕಿಟಕಿ ಪಕ್ಕದ ಸೀಟು ತಮಗೆ ಬಿಟ್ಟುಕೊಡುತ್ತೇವೆ, ಡಯಾಲಿಸಿಸ್‌ನ ಹಿರಿಯರು ಪಕ್ಕದಲ್ಲಿರುತ್ತಾರೆ.

ಈ ಪತ್ರವನ್ನು ಅಪ್ಪನಿಗೆ ಪೂರ್ತಿ ಓದಿ ಹೇಳಿದೆ. ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಾ ಕೇಳಿಸಿಕೊಂಡರು. ಇನ್ನೇನಾದರೂ ಸೇರಿಸಬೇಕಾ ಅಂತ ಕೇಳಿದ್ದಕ್ಕೆ, "ಸೇತುವೆ ಬೆಂಗಳೂರು ಕಡೆ ಪ್ಯಾಕಿಂಗ್ ನೋಡೋಕೆ ಹೇಳು, ಮಳೆಗಾಲಕ್ಕೆ ಮುಂಚೆ," ಅಂದರು.

ಇತಿ ತಮ್ಮ ವಿಶ್ವಾಸಿ,
ಒಬ್ಬ ಸೀಸನ್ ಪಾಸ್ ಪ್ರಯಾಣಿಕಳು, ನಿವೃತ್ತ ಕೀಮ್ಯಾನ್ ಒಬ್ಬರ ಮಗಳು